ಒಂದೇ ಮೀಟರಿನ ಮಳಿಗೆಗಳು: ವಿದ್ಯುತ್ ಬಿಲ್ಲನ್ನು ತಾಳೆ ನೋಡುವ ಬಗೆ

ಗದಗ-ಬೆಟಗೇರಿ ಅವಳಿ ನಗರದಲ್ಲಿಯೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪಟ್ಟಣಗಳಲ್ಲಿಯೂ ಬಾಡಿಗೆ ಮಳಿಗೆಗಳಲ್ಲಿ ವ್ಯವಹಾರ ನಡೆಸುವ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಅನೇಕರಿದ್ದಾರೆ. ಇಡೀ ಕಟ್ಟಡಕ್ಕೆ ಮಾಲೀಕರ ಹೆಸರಿನಲ್ಲಿ ಹೆಸ್ಕಾಂನ ಒಂದೇ ಮೀಟರ್ ಇದ್ದು, ಪ್ರತಿ ಮಳಿಗೆಗೆ ಖಾಸಗಿ ಸಬ್ ಮೀಟರ್ ಅಳವಡಿಸಿದ್ದಲ್ಲಿ, ಬಾಡಿಗೆದಾರರ ಕೈಗೆ ಮೂಲ ಬಿಲ್ಲು ಬರುವುದಿಲ್ಲ. ಯೂನಿಟ್ಟಿಗೆ ಇಷ್ಟೆಂದು ಬರೆದ ಚೀಟಿ ಮಾತ್ರ ಬರುತ್ತದೆ. ಆ ಮೊತ್ತ ಸರಿಯಾಗಿದೆಯೇ ಎಂಬುದನ್ನು ಅರಿಯುವುದು ಕಷ್ಟವೇನಲ್ಲ.

ಬಿಲ್ಲಿನಲ್ಲಿ ಏನೇನಿರುತ್ತದೆ?

ಹೆಸ್ಕಾಂ ಬಿಲ್ಲಿನಲ್ಲಿ ಮುಖ್ಯವಾಗಿ ಈ ಬಾಬತ್ತುಗಳಿವೆ: ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕ, ಬಳಸಿದ ಯೂನಿಟ್ಟುಗಳ ಶುಲ್ಕ, ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಹಾಗೂ ರಾಜ್ಯದ ವಿದ್ಯುತ್ ತೆರಿಗೆ. ಹಳೆಯ ಬಾಕಿ ಮತ್ತು ಅದರ ಬಡ್ಡಿ ಸೇರಿದ್ದರೆ ಅದು ಆ ತಿಂಗಳ ಬಳಕೆಯ ವೆಚ್ಚವಲ್ಲ. ಬಿಲ್ಲಿನ ಹಣ ತಪ್ಪದೆ ಸಲ್ಲಿಸಿದ ಬಾಡಿಗೆದಾರರ ಮೇಲೆ ಅದನ್ನು ಹೊರಿಸುವುದು ನ್ಯಾಯವಲ್ಲ.

ತಾಳೆ ನೋಡುವ ಕ್ರಮ

ಮುಖ್ಯ ಮೀಟರ್ ಹಾಗೂ ಎಲ್ಲ ಸಬ್ ಮೀಟರ್‌ಗಳ ರೀಡಿಂಗನ್ನು ಒಂದೇ ದಿನ ಬರೆದುಕೊಳ್ಳಬೇಕು. ಉದಾಹರಣೆಗೆ, ಮುಖ್ಯ ಮೀಟರ್ 1,200 ಯೂನಿಟ್, ಸಬ್ ಮೀಟರ್‌ಗಳ ಒಟ್ಟು 1,120 ಯೂನಿಟ್, ಬಿಲ್ಲು 12,000 ರೂಪಾಯಿ ಎಂದಿಟ್ಟುಕೊಳ್ಳೋಣ. ವ್ಯತ್ಯಾಸದ 80 ಯೂನಿಟ್ ಮೆಟ್ಟಿಲ ದೀಪ, ನೀರಿನ ಪಂಪು ಮುಂತಾದ ಸಾಮಾನ್ಯ ಬಳಕೆಯದು. ಅದನ್ನೂ ಎಲ್ಲರಿಗೆ ಹಂಚಿದರೆ ಯೂನಿಟ್ಟಿಗೆ ಸುಮಾರು 10.71 ರೂಪಾಯಿ ಬೀಳುತ್ತದೆ. 140 ಯೂನಿಟ್ ಬಳಸಿದ ಮಳಿಗೆಯ ಪಾಲು 1,500 ರೂಪಾಯಿ. ಯೂನಿಟ್ಟಿಗೆ 13ರಂತೆ ಪಡೆದರೆ 1,820. ಅಂದರೆ ತಿಂಗಳಿಗೆ 320, ವರ್ಷಕ್ಕೆ 3,840 ರೂಪಾಯಿ ಹೆಚ್ಚು. ನಿಗದಿತ ಶುಲ್ಕವನ್ನು ಯೂನಿಟ್ಟಿಗೆ ಬದಲಾಗಿ ಪ್ರತಿ ಮಳಿಗೆಯ ಲೋಡಿಗನುಗುಣವಾಗಿ ಹಂಚುವುದು ಇನ್ನೂ ಸಮಂಜಸ. ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಸೋರಿಕೆ ಅಥವಾ ಮೀಟರ್ ದೋಷವನ್ನು ಶಂಕಿಸಬೇಕು.

ಮಾಲೀಕರು ಗಮನಿಸಬೇಕಾದದ್ದು

ವಿದ್ಯುತ್ ನಿಯಂತ್ರಣ ಆಯೋಗದ ದರಪಟ್ಟಿಯ ಸಾಮಾನ್ಯ ಷರತ್ತುಗಳ ಪ್ರಕಾರ, ವಿಶೇಷ ಅನುಮತಿಯಿಲ್ಲದೆ ಗ್ರಾಹಕರು ವಿದ್ಯುತ್ತನ್ನು ಮರುಮಾರಾಟ ಮಾಡುವಂತಿಲ್ಲ. ಇದಲ್ಲದೆ 2023ರ ಅಕ್ಟೋಬರ್ 31ರ ಜಿಎಸ್‌ಟಿ ಸುತ್ತೋಲೆಯಂತೆ, ಹೆಸ್ಕಾಂ ವಿಧಿಸಿದಷ್ಟೇ ಮೊತ್ತವನ್ನು ಬಾಡಿಗೆದಾರರಿಂದ ಪಡೆದರೆ ಆ ಹಣ ಬಾಡಿಗೆಯ ತೆರಿಗೆ ಮೌಲ್ಯಕ್ಕೆ ಸೇರುವುದಿಲ್ಲ. ಹೆಚ್ಚಿಗೆ ಪಡೆದರೆ ಈ ರಕ್ಷಣೆ ತಪ್ಪುತ್ತದೆ; ಬೇರೆ ಬಿಲ್ಲು ಕೊಟ್ಟಿದ್ದರೂ ನೋಂದಾಯಿತ ಮಾಲೀಕರು ವಿದ್ಯುತ್ ಹಣದ ಮೇಲೂ ಬಾಡಿಗೆಯಂತೆಯೇ ಜಿಎಸ್‌ಟಿ ಕಟ್ಟಬೇಕಾದೀತು. ಯೂನಿಟ್ಟಿಗೆ ಎರಡು ರೂಪಾಯಿಯ ಆಸೆ ದುಬಾರಿಯಾಗಬಹುದು.

ಪ್ರತ್ಯೇಕ ಸಂಪರ್ಕ

2003ರ ವಿದ್ಯುತ್ ಕಾಯ್ದೆಯ 43ನೆಯ ಕಲಮಿನನ್ವಯ ಕಟ್ಟಡದ ಮಾಲೀಕರಷ್ಟೇ ಅಲ್ಲ, ಅದರಲ್ಲಿ ವಾಸವಿರುವವರೂ ಸಂಪರ್ಕಕ್ಕೆ ಅರ್ಜಿ ಸಲ್ಲಿಸಬಹುದು. ಸ್ವಂತ ಆರ್.ಆರ್. ಸಂಖ್ಯೆ ದೊರೆತರೆ ಬಿಲ್ಲಿನ ಸಂಶಯಕ್ಕೇ ಎಡೆಯಿರದು. ಮುಖ್ಯ ಮೀಟರಿನ ರೀಡಿಂಗ್ ಬಳಕೆಗೆ ಹೊಂದುತ್ತಿಲ್ಲವೆಂದು ದೂರು ಬಂದರೆ, 2024ರ ತಿದ್ದುಪಡಿಯ ಗ್ರಾಹಕ ಹಕ್ಕುಗಳ ನಿಯಮಗಳಂತೆ ಐದು ದಿನಗಳೊಳಗೆ ಹೆಚ್ಚುವರಿ ಮೀಟರ್ ಕೂಡಿಸಿ, ಕನಿಷ್ಠ ಮೂರು ತಿಂಗಳು ಪರಿಶೀಲಿಸುವುದು ವಿದ್ಯುತ್ ಕಂಪನಿಯ ಹೊಣೆ.

ಮಾಲೀಕರೂ ಬಾಡಿಗೆದಾರರೂ ಇಬ್ಬರೂ ನಮ್ಮ ವರ್ತಕ ಬಾಂಧವರೇ. ಹಂಚಿಕೆಯ ಕ್ರಮವನ್ನು ಬಾಡಿಗೆ ಕರಾರಿನಲ್ಲಿಯೇ ಬರೆದು, ಪ್ರತಿ ತಿಂಗಳೂ ಹೆಸ್ಕಾಂ ಬಿಲ್ಲಿನ ಪ್ರತಿಯನ್ನು ಚೀಟಿಯೊಡನೆ ನೀಡಿದಲ್ಲಿ ಮನಸ್ತಾಪಕ್ಕೆ ಅವಕಾಶವಿರುವುದಿಲ್ಲ.