ನಿಮಗಿದು ಗೊತ್ತೆ? ಮೂವರು ಮುಖ್ಯಮಂತ್ರಿಗಳ ಕಣ
ಹುಬ್ಬಳ್ಳಿ–ಧಾರವಾಡ ಸೆಂಟ್ರಲ್ ಕ್ಷೇತ್ರಕ್ಕೆ 2008ರ ಮರುವಿಂಗಡಣೆಗೆ ಮುನ್ನ ಹುಬ್ಬಳ್ಳಿ ಗ್ರಾಮೀಣ ಎಂದು ಹೆಸರಿತ್ತು. 1988ರಲ್ಲಿ ಮುಖ್ಯಮಂತ್ರಿಯಾದ ಎಸ್.ಆರ್. ಬೊಮ್ಮಾಯಿ ಇಲ್ಲಿನ ಶಾಸಕರಾಗಿದ್ದರು. 1994ರ ಚುನಾವಣೆಯಲ್ಲಿ ಮಗ ಬಸವರಾಜ ಬೊಮ್ಮಾಯಿ ಅಪ್ಪನ ಕ್ಷೇತ್ರದಲ್ಲೇ ಸೋತರು. ಗೆದ್ದವರು ಬಿಜೆಪಿಯ ಹೊಸಮುಖ ಜಗದೀಶ ಶೆಟ್ಟರ್. ತಮಾಷೆಯೆಂದರೆ, ಮುಂದೆ ಗೆದ್ದವರೂ (2012) ಸೋತವರೂ (2021) ಮುಖ್ಯಮಂತ್ರಿಗಳಾದರು, ಅದೂ ಒಂದೇ ಪಕ್ಷದಿಂದ!

ಶೆಟ್ಟರ್ ಇಲ್ಲಿ ಸತತ ಆರು ಸಲ ಗೆದ್ದರು. 2023ರಲ್ಲಿ ಟಿಕೆಟ್ ತಪ್ಪಿ ಕಾಂಗ್ರೆಸ್ಸಿಗೆ ಹೋದಾಗ ಮತದಾರರು ಜೊತೆಗೆ ಹೋಗಲಿಲ್ಲ. ಬಿಜೆಪಿಯ ಮಹೇಶ ಟೆಂಗಿನಕಾಯಿ 34 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಮರುವರ್ಷವೇ ಬಿಜೆಪಿಗೆ ಮರಳಿದ ಶೆಟ್ಟರ್ ಈಗ ಬೆಳಗಾವಿಯ ಸಂಸದರು.