ಪಾಪರ್ ಚೀಟಿಗೆ ಕೈಯೊಡ್ಡುವ ಮುನ್ನ

ಪೀಣ್ಯದ ಕೈಗಾರಿಕಾ ವಸಾಹತುವಿನಲ್ಲಿ ನಾಲ್ಕು ಲೇತು ಯಂತ್ರಗಳನ್ನಿಟ್ಟುಕೊಂಡು ಬಿಡಿಭಾಗಗಳನ್ನು ಕಡೆದುಕೊಡುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೆಲವು ತಿಂಗಳ ಹಿಂದೆ ಸಂಜೆಯ ಹೊತ್ತಿನಲ್ಲಿ ಹೆಂಡತಿಯೊಡನೆ ನಮ್ಮ ಮನೆಗೆ ಬಂದನು. 2020ನೆಯ ಇಸವಿಯ ಲಾಕ್‌ಡೌನಿನಲ್ಲಿ ನಿಂತ ಯಂತ್ರಗಳು ಮತ್ತೆ ತಿರುಗಿದುವಾದರೂ, ಆಗ ಬೆಳೆದ ಸಾಲವು ಕುಗ್ಗಲಿಲ್ಲ. ಬ್ಯಾಂಕಿನದೊಂದು, ಯಂತ್ರದ ಮೇಲಿನದೊಂದು, ಕೈಸಾಲಗಳು ಮೂರು ನಾಲ್ಕು. "ಪಾಪರ್ ಚೀಟಿ ತೆಗೆದುಬಿಟ್ಟರೆ ಎಲ್ಲವೂ ಹರಿದುಹೋಗುವುದಂತೆ, ಮೇಷ್ಟ್ರೇ. ಅದಕ್ಕೆ ಮೊದಲು ಊರಿನ ನಿವೇಶನವನ್ನು ಭಾವಮೈದುನನ ಹೆಸರಿಗೆ ಬರೆದಿಡೋಣವೆಂದಿದ್ದೇನೆ" ಎಂದನು. ಹೆಂಡತಿಯು ಏನೊಂದನ್ನೂ ಆಡಲಿಲ್ಲ; ಆಕೆಯ ಕೈಯಲ್ಲಿ ಗಾಜಿನ ಬಳೆಗಳು ಮಾತ್ರವಿದ್ದುದನ್ನು ನಾವು ಕಂಡೆವು.

ಪಾಪರ್ ಎಂಬ ಮಾತಿಗೂ ನಮ್ಮ ಪಾಪಕ್ಕೂ ಯಾವ ನಂಟೂ ಇಲ್ಲ. ನಿರ್ಗತಿಕನೆಂಬರ್ಥದ ಇಂಗ್ಲಿಷ್ ಶಬ್ದವು ಕೋರ್ಟಿನ ಮೆಟ್ಟಿಲಿಳಿದು ಹಳ್ಳಿಯ ನಾಲಗೆಗೆ ಹತ್ತಿದುದಷ್ಟೆ. ಆದರೆ ಕೇಳಿದವರ ಕಿವಿಗೆ ಪಾಪವೇ ಕೇಳಿಸುವುದರಿಂದ, ಸಾಲಗಾರರು ವಿಷಯವನ್ನು ಬಚ್ಚಿಟ್ಟು, ಅರೆಬರೆ ತಿಳಿದವರ ಮಾತನ್ನು ನಂಬಿ ಕೆಡುತ್ತಾರೆ. ನಾವು ವಕೀಲರಲ್ಲ. ಆದರೂ ಕಾಯಿದೆಯ ಪುಸ್ತಕವನ್ನು ತರಿಸಿ ಓದಿ, ಬಲ್ಲವರಲ್ಲಿ ಸಂದೇಹಗಳನ್ನು ಕೇಳಿ ತಿಳಿದುದನ್ನು ವಾಚಕರ ಮುಂದಿಡುತ್ತೇವೆ.

ಮೊದಲನೆಯದಾಗಿ, ಯಾವ ಬಾಗಿಲನ್ನು ತಟ್ಟಬೇಕೆಂಬುದು. 2016ರಲ್ಲಿ ದಿವಾಳಿತನದ ಹೊಸ ಸಂಹಿತೆಯೊಂದು ಬಂದಿತು. ದೊಡ್ಡ ಕಂಪೆನಿಗಳ ವ್ಯವಹಾರವೆಲ್ಲ ಅದರ ಮೇರೆಗೆ ನಡೆಯುತ್ತಿದೆ. ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಭಾಗವಾದರೋ 2019ರ ಡಿಸೆಂಬರ್ 1ರಿಂದ, ಕಂಪೆನಿಯ ಸಾಲಕ್ಕೆ ಸ್ವಂತ ಜಾಮೀನು ನಿಂತವರ ಮಟ್ಟಿಗೆ ಮಾತ್ರ ಜಾರಿಗೆ ಬಂದಿತು. ನಾವು ಇದನ್ನು ಬರೆಯುವ ವೇಳೆಗೆ ಉಳಿದ ಗೃಹಸ್ಥರಿಗೂ ಏಕಮಾಲಿಕ ಕಾರ್ಖಾನೆಯವರಿಗೂ 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ ಗತಿ. ಅದು ಎಷ್ಟು ಹಳೆಯದೆಂದರೆ, ಸಾಲಗಾರನು ತಾನೇ ಅರ್ಜಿ ಹಾಕಲು ಐನೂರು ರೂಪಾಯಿಗಳ ಸಾಲವಿದ್ದರೆ ಸಾಕೆನ್ನುತ್ತದೆ! ಇಂದು ಪೀಣ್ಯದಲ್ಲಿ ಒಂದು ಒಳ್ಳೆಯ ಕತ್ತರಿಸುವ ಉಳಿಗೂ ಆ ಹಣ ಸಾಲದು.

ಇನ್ನು ನಮ್ಮ ವಿದ್ಯಾರ್ಥಿಯ ನಿವೇಶನದ ಯೋಚನೆ. ಇಲ್ಲಿಯೇ ಬಹು ಜನರು ಬೀಳತಕ್ಕದ್ದು. ಕ್ರಯವಿಲ್ಲದೆ ಆಸ್ತಿಯನ್ನು ಇನ್ನೊಬ್ಬರಿಗೆ ಬರೆದುಕೊಟ್ಟು ಎರಡು ವರ್ಷದೊಳಗೆ ದಿವಾಳಿಯ ಅರ್ಜಿ ಬಿದ್ದರೆ, ಆ ಪತ್ರವನ್ನು ನ್ಯಾಯಾಲಯವು ರದ್ದುಪಡಿಸಬಹುದು. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಒಬ್ಬ ಸಾಲಿಗನಿಗೆ, ಅವನು ನೆಂಟನೆಂಬ ಕಾರಣದಿಂದ ಮಿಕ್ಕವರನ್ನು ಬಿಟ್ಟು ತೀರಿಸಿದರೂ ಅದು ನಿಲ್ಲಲಾರದು. ಲೆಕ್ಕದ ಪುಸ್ತಕವನ್ನು ಸುಟ್ಟರೆ, ಆಸ್ತಿಯನ್ನು ಬಚ್ಚಿಟ್ಟರೆ ಒಂದು ವರ್ಷದ ತನಕ ಸೆರೆಮನೆ. ಸಾಲದಲ್ಲಿದ್ದಾಗ ಅಪರಾಧಿಯಲ್ಲದವನು ಭಾವಮೈದುನನ ಮೇಲಿನ ನಂಬಿಕೆಯಿಂದ ಅಪರಾಧಿಯಾಗುವನು.

ಅರ್ಜಿಯು ಮಂಜೂರಾದರೆ ಲಾಭವಿಲ್ಲವೆ? ಉಂಟು. ದಿವಾಳಿಯೆಂದು ತೀರ್ಪಾದ ಮೇಲೆ ಸಾಲಿಗರು ನ್ಯಾಯಾಲಯದ ಅಪ್ಪಣೆಯಿಲ್ಲದೆ ದಾವೆ ಹೂಡುವಂತಿಲ್ಲ. ದಸ್ತಗಿರಿಯಿಂದ ರಕ್ಷಣೆಯನ್ನೂ ಬೇಡಬಹುದು. ಆದರೆ ಆಸ್ತಿಯೆಲ್ಲ ರಿಸೀವರನ ವಶವಾಗುತ್ತದೆ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಕೈಉಪಕರಣ, ಸ್ತ್ರೀಯು ಧರ್ಮಾಚಾರದ ಪ್ರಕಾರ ತೆಗೆಯಬಾರದ ಆಭರಣ, ಭವಿಷ್ಯನಿಧಿ ಇವು ಉಳಿಯತಕ್ಕವು. ಅಡವು ಹಿಡಿದ ಬ್ಯಾಂಕಿಗೆ ಮಾತ್ರ ಈ ತೀರ್ಪು ತಡೆಯಲ್ಲ. ಅದು ತನ್ನ ಯಂತ್ರವನ್ನೋ ಮನೆಯನ್ನೋ ಎಂದಿನಂತೆ ಹಿಡಿಯಬಹುದು. ಚೆಕ್ಕು ಮರಳಿದ ಮೊಕದ್ದಮೆಯೂ ಬೇರೆಯೇ. ಆದುದರಿಂದ ವೈಟ್‌ಫೀಲ್ಡಿನಲ್ಲಿ ಕೆಲಸ ಕಳೆದುಕೊಂಡು, ಫ್ಲಾಟಿನ ಸಾಲದಿಂದ ಪಾರಾಗಲು ಈ ದಾರಿಯನ್ನು ನೆನೆಯುವ ತರುಣರು ಇಲ್ಲಿ ಆಸರೆ ಕಾಣಲಾರರು. ಸಂಬಳಗಾರರಿಗೆ ಒಂದು ಸಮಾಧಾನವುಂಟು: ಸಾಮಾನ್ಯ ಡಿಕ್ರಿಗೆ ತಿಂಗಳ ವೇತನದಲ್ಲಿ ಮೊದಲ 1,000 ರೂಪಾಯಿಯೂ ಮಿಕ್ಕುದರ ಮೂರರಲ್ಲಿ ಎರಡು ಪಾಲೂ ಜಫ್ತಿಗೆ ಸಿಕ್ಕುವುದಿಲ್ಲ.

ತೀರ್ಪಾದೊಡನೆ ಋಣಮೋಚನವಾಯಿತೆಂದು ತಿಳಿಯುವುದೂ ತಪ್ಪು. ನ್ಯಾಯಾಲಯವು ಗೊತ್ತುಮಾಡಿದ ಅವಧಿಯೊಳಗೆ ಬಿಡುಗಡೆಗಾಗಿ ಮತ್ತೆ ಅರ್ಜಿ ಕೊಡಬೇಕು. ಆಸ್ತಿಯು ಅಡವಿಲ್ಲದ ಸಾಲಗಳಿಗೆ ರೂಪಾಯಿಗೆ ಎಂಟಾಣೆಯಷ್ಟಾದರೂ ಬಾರದಿದ್ದರೆ, ಅದು ತನ್ನ ತಪ್ಪಿನಿಂದಲ್ಲವೆಂದು ತೋರಿಸಬೇಕು. ಲೆಕ್ಕವಿಡದವನಿಗೆ, ಜೂಜಾಡಿದವನಿಗೆ, ತೀರಿಸುವ ಆಸೆಯಿಲ್ಲದೆಯೇ ಸಾಲ ತಂದವನಿಗೆ ನಿರ್ಬಂಧವಿಲ್ಲದ ಬಿಡುಗಡೆಯು ದೊರೆಯದು. ಸರಕಾರದ ಬಾಕಿಯೂ ವಂಚನೆಯಿಂದ ಬಂದ ಸಾಲವೂ ಬಿಡುಗಡೆಯಾದ ಮೇಲೆಯೂ ಉಳಿಯುತ್ತವೆ. ಅದಕ್ಕೆ ಮುಂಚೆ ತನ್ನ ಸ್ಥಿತಿಯನ್ನು ತಿಳಿಸದೆ ಐವತ್ತು ರೂಪಾಯಿ ಕಡ ಪಡೆದರೂ ಶಿಕ್ಷಾರ್ಹ. ಶಾಸನಸಭೆಗೆ ನಿಲ್ಲುವುದಂತೂ ಸಾಧ್ಯವಿಲ್ಲ.

ಮನೆಯವರಿಗೆ ಎಲ್ಲಕ್ಕಿಂತ ಮುಖ್ಯವಾದುದು ಜಾಮೀನಿನ ವಿಷಯ. ಸಾಲಗಾರನು ಬಿಡುಗಡೆ ಹೊಂದಿದರೂ ಜಾಮೀನುದಾರನಿಗೆ ಬಿಡುಗಡೆಯಿಲ್ಲ. ಸಹಿ ಹಾಕಿದ ಅಣ್ಣನನ್ನು, ಮಾವನನ್ನು, ಜೊತೆಸಾಲಗಾರಳಾದ ಹೆಂಡತಿಯನ್ನು ಸಾಲಿಗರು ಹುಡುಕಿಕೊಂಡು ಬರುವರು. ಸಹಿಯಿಲ್ಲದ ಹೆಂಡತಿ ಮಕ್ಕಳ ಮಾತು ಬೇರೆ. ತಂದೆಯ ಋಣವನ್ನು ಮಗನು ತೀರಿಸದಿದ್ದರೆ ಗತಿಯಿಲ್ಲವೆಂದು ನಾವು ಪಾಠಶಾಲೆಯಲ್ಲಿ ಧರ್ಮಶಾಸ್ತ್ರವನ್ನೋದಿದವರು. ಆದರೆ ಆ ಧರ್ಮಬಾಧ್ಯತೆಯೊಂದರ ಮೇಲೆಯೇ ಮಗನನ್ನು ಕೋರ್ಟಿಗೆಳೆಯುವುದನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು, ಅಂದಿನಿಂದೀಚೆಗಿನ ಸಾಲಗಳ ಮಟ್ಟಿಗೆ ನಿಲ್ಲಿಸಿತು. ತಂದೆಯಿಂದ ಬಂದ ಆಸ್ತಿಯು ಮಾತ್ರ ಅವನ ಸಾಲಕ್ಕೆ ಗುರಿಯಾಗುವುದುಂಟು.

ಭಯಕ್ಕೂ ಮಿತಿಯಿರಲಿ. ಕೊಡಲಾರದ ಬಡತನವೊಂದಕ್ಕಾಗಿಯೇ ಯಾರನ್ನೂ ಸಿವಿಲ್ ಸೆರೆಗೆ ಕಳುಹಿಸಬಾರದೆಂದು ಸುಪ್ರೀಂ ಕೋರ್ಟು 1980ರಲ್ಲಿ ಹೇಳಿದೆ; ಹಣದ ಡಿಕ್ರಿಗಾಗಿ ಸ್ತ್ರೀಯರನ್ನು ದಸ್ತಗಿರಿ ಮಾಡುವಂತೆಯೇ ಇಲ್ಲ. ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲೂ ಸಂಜೆ 7ರ ಮೇಲೂ ಫೋನು ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಬ್ಯಾಂಕುಗಳಿಗೆ ಕಟ್ಟುಮಾಡಿತು. ಕಿರುಸಾಲಗಾರರ ಮೇಲಣ ಬಲಾತ್ಕಾರವನ್ನು ತಡೆಯಲು ನಮ್ಮ ರಾಜ್ಯವು 2025ರಲ್ಲಿ ಶಾಸನವನ್ನೇ ತಂದಿತು. ಕೋರ್ಟಿಗೆ ಹೋಗುವ ಮುನ್ನ ಸಾಲಿಗರೊಡನೆ ಬರಹದಲ್ಲಿ ರಾಜಿಗೆ ಪ್ರಯತ್ನಿಸಬಹುದು. ಲೋಕ ಅದಾಲತ್ತೂ ಇದೆ. ಕಾನೂನು ಸೇವಾ ಪ್ರಾಧಿಕಾರವು ಸ್ತ್ರೀಯರಿಗೆ ವರಮಾನವನ್ನು ನೋಡದೆ ಉಚಿತ ನೆರವನ್ನು ಕೊಡುತ್ತದೆ. ಸಹಾಯವಾಣಿಯ ಸಂಖ್ಯೆ 15100.

ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ರಾತ್ರಿ ಒಂಬತ್ತಾಗಿತ್ತು. ಆಗ ಆ ಹೆಣ್ಣುಮಗಳು ಮೊದಲ ಬಾರಿಗೆ ಬಾಯಿಬಿಟ್ಟು, "ಬ್ಯಾಂಕಿನ ಕಾಗದದಲ್ಲಿ ನನ್ನ ಸಹಿಯೂ ಇದೆ, ಅಲ್ಲವೆ?" ಎಂದು ಗಂಡನನ್ನು ಕೇಳಿದಳು. ಅವನು ತಲೆತಗ್ಗಿಸಿದನು. ನಿವೇಶನವು ಈಗಲೂ ಅವನ ಹೆಸರಿನಲ್ಲಿಯೇ ಇದೆ. ಮಾರಾಟಕ್ಕೆ ಬೋರ್ಡು ಹಾಕಿದ್ದಾನೆ. ಐದು ವರ್ಷದ ಲೆಕ್ಕವನ್ನು ಆಕೆಯೇ ಕೂತು ಬರೆಯುತ್ತಿದ್ದಾಳೆ. ಬ್ಯಾಂಕಿನವರು ರಾಜಿಯ ಮಾತಿಗೆ ಮುಂದಿನ ತಿಂಗಳು ಬರಹೇಳಿದ್ದಾರೆ.