ಮೂರು ಪ್ರೊಜೆಕ್ಟರ್, ಒಂದೇ ಕಂಪ್ಯೂಟರ್

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲುಹಾದಿ ಸುಮಾರು 16 ಕಿಲೋಮೀಟರ್ ಉದ್ದ. ಚಿನ್ನದ ಗಣಿಗಳಿಗಾಗಿಯೇ ಹಾಕಿದ ಈ ಹಾದಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಹೋಗುತ್ತದೆ. ಅದರ ಪಕ್ಕದಲ್ಲೇ ಚಾಂಪಿಯನ್ ರೀಫ್ ಗಣಿ ನೆಲದೊಳಕ್ಕೆ ಸುಮಾರು 3.2 ಕಿಲೋಮೀಟರ್ ಇಳಿದಿತ್ತು. ಇವತ್ತು ಈ ಗಣಿಗಳ ಊರಾದ ಕೆಜಿಎಫ್‌ನ ಶಾಲೆಗಳಲ್ಲಿ ಕೂತಿರುವ ಮಕ್ಕಳೆಲ್ಲ 2001ರಲ್ಲಿ ಗಣಿ ಮುಚ್ಚಿದ ಮೇಲೆ ಹುಟ್ಟಿದವರು. ಹೆಡ್‌ಗೇರ್, ಸೈನೈಡ್ ದಿಬ್ಬ ಅವರ ಕಣ್ಣಿಗೆ ದಿನವೂ ಬೀಳುತ್ತವೆ, ಆ ಆಳ ಮಾತ್ರ ಕಾಣುವಂತಿಲ್ಲ. ರೈಲುಹಾದಿಯ ಉದ್ದವನ್ನೂ ಗಣಿಯ ಆಳವನ್ನೂ ಒಂದೇ ಅಳತೆಯಲ್ಲಿ ಒಂದೇ ಚಿತ್ರದಲ್ಲಿ ತೋರಿಸಬೇಕಾದರೆ ಎತ್ತರದ ಐದರಷ್ಟು ಅಗಲದ ಪರದೆ ಬೇಕು. ಒಂದು ಪ್ರೊಜೆಕ್ಟರಿನ ಚಿತ್ರ ಸಾಮಾನ್ಯವಾಗಿ 16ಕ್ಕೆ 9ರ ಪ್ರಮಾಣದ್ದು. ಅದರಲ್ಲಿ ಇಡೀ ರೈಲುಹಾದಿಯನ್ನು ಹಿಡಿಸಿದರೆ ಗಣಿ ಎತ್ತರದ ಮೂರನೇ ಒಂದು ಪಾಲಿಗೆ ಕುಗ್ಗುತ್ತದೆ, ಉಳಿದದ್ದು ಖಾಲಿ. ಮೂರು ಪ್ರೊಜೆಕ್ಟರುಗಳನ್ನು ಪಕ್ಕಪಕ್ಕ ಇಟ್ಟು, ಅಂಚುಗಳನ್ನು ಹತ್ತನೇ ಒಂದು ಭಾಗದಷ್ಟು ಒಂದರ ಮೇಲೊಂದು ಬರುವಂತೆ ಹೊಂದಿಸಿದರೆ ಪ್ರಮಾಣ ಐದಕ್ಕೆ ಒಂದಾಗುತ್ತದೆ. ಗೋಡೆಯ ತುಂಬ ರೈಲು, ರೈಲಿನ ಕೆಳಗೆ ಗಣಿ. ಮೂರು ಪ್ರೊಜೆಕ್ಟರ್ ಶಾಲೆಗೆ ಆಡಂಬರವಲ್ಲವೇ ಎಂದು ಕೇಳುವವರಿಗೆ ಈ ಲೆಕ್ಕವೇ ಉತ್ತರ. ಸುಮ್ಮನೆ ಅಗಲವಾಗಿ ಕಾಣಲೆಂದು ಹೂಡುವುದಾದರೆ ಅವರ ಆಕ್ಷೇಪ ಸರಿಯೇ; ಆಗ ಒಂದೇ ಸಾಕು.

ತೊಡಕು ಇರುವುದು ಮೂರೂ ಚಿತ್ರಗಳನ್ನು ಒಟ್ಟಿಗೆ ಓಡಿಸುವುದರಲ್ಲಿ. ಮೊದಲು ಹೊಳೆಯುವ ದಾರಿಯೆಂದರೆ ಮೂರು ಲ್ಯಾಪ್‌ಟಾಪ್, ವಿಡಿಯೊದ ಮೂರು ತುಂಡು, ಮೂವರು ಒಟ್ಟಿಗೆ ಗುಂಡಿ ಒತ್ತುವುದು. ಪರದೆಯ ಒಟ್ಟು ಅಗಲ ಆರು ಮೀಟರ್, ಅದನ್ನು ರೈಲು 12 ಸೆಕೆಂಡಿನಲ್ಲಿ ದಾಟುತ್ತದೆ ಎಂದುಕೊಳ್ಳಿ. ಎರಡನೆಯ ಲ್ಯಾಪ್‌ಟಾಪ್ ಸೆಕೆಂಡಿನ ಐದನೇ ಒಂದು ಭಾಗ ತಡಮಾಡಿದರೂ ಎಂಜಿನ್ನಿನ ಮೂತಿ ಒಂದು ಪರದೆಯಿಂದ ಇನ್ನೊಂದಕ್ಕೆ ಹೋಗುವಾಗ ಹತ್ತು ಸೆಂಟಿಮೀಟರ್ ಕಾಣೆಯಾಗುತ್ತದೆ. ಮನುಷ್ಯರ ಬೆರಳುಗಳು ಇದಕ್ಕಿಂತ ನಿಖರವಾಗಿ ಕೂಡುವುದು ಕಷ್ಟ. ಕೂಡಿದರೂ ಪ್ರತಿ ಯಂತ್ರ ಫೈಲು ತೆರೆಯಲು ತೆಗೆದುಕೊಳ್ಳುವ ಹೊತ್ತು ಬೇರೆ. ಇದರ ಮೇಲೆ ಗಡಿಯಾರಗಳ ಸಮಸ್ಯೆ. ಕಂಪ್ಯೂಟರಿನೊಳಗಿನ ಸ್ಫಟಿಕದ ಗಡಿಯಾರ ಹತ್ತು ಲಕ್ಷದಲ್ಲಿ 20 ಪಾಲು ಹೆಚ್ಚುಕಡಿಮೆ ಓಡುವುದು ಸಾಮಾನ್ಯ. ಎರಡು ಯಂತ್ರಗಳ ನಡುವೆ ಅಷ್ಟು ಅಂತರವಿದ್ದರೆ ಗಂಟೆಗೆ 72 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 25 ಫ್ರೇಮಿನ ಚಿತ್ರದಲ್ಲಿ ಸುಮಾರು ಎರಡು ಫ್ರೇಮ್. ಹತ್ತು ನಿಮಿಷದ ಚಿತ್ರಕ್ಕೆ ಇದು ಲೆಕ್ಕಕ್ಕೇ ಬಾರದು. ವಸ್ತುಪ್ರದರ್ಶನದಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದೇ ಚಿತ್ರ ಸುತ್ತುತ್ತಿದ್ದರೆ ಅರ್ಧ ಸೆಕೆಂಡಿನ ಹತ್ತಿರ ಬರುತ್ತದೆ, ಆಗ ರೈಲು ತುಂಡಾಗಿ ಕಾಣುತ್ತದೆ.

ಹಾಗಾಗಿ ಶಾಲೆ ಮೂರು ಯಂತ್ರಗಳನ್ನು ಒಂದಕ್ಕೊಂದು ಹೊಂದಿಸುವ ಗೋಜಿಗೇ ಹೋಗಬಾರದು. ಒಂದೇ ಯಂತ್ರದಿಂದ ಮೂರಕ್ಕೂ ಚಿತ್ರ ಕೊಡಬೇಕು ಎಂಬುದು ನನ್ನ ವಾದ. ಇದಕ್ಕೆ ಸಿನಿಮಾದ ಇತಿಹಾಸದಲ್ಲೇ ಪಾಠವಿದೆ. 1952ರಲ್ಲಿ ಅಮೆರಿಕದಲ್ಲಿ ಬಂದ ಸಿನೆರಾಮಾ ಮೂರು ಪ್ರೊಜೆಕ್ಟರುಗಳಿಂದ ಬಾಗಿದ ದೊಡ್ಡ ಪರದೆಗೆ ಚಿತ್ರ ಬಿಡುತ್ತಿತ್ತು. ಮೂರರ ಮೋಟಾರುಗಳನ್ನೂ ವಿದ್ಯುತ್ತಿನಿಂದ ಒಂದಕ್ಕೊಂದು ಬಿಗಿದಿದ್ದರು. ಒಂದರ ರೀಲು ಹರಿದರೆ ಕಳೆದುಹೋದಷ್ಟೇ ಕಪ್ಪು ಫ್ರೇಮುಗಳನ್ನು ಲೆಕ್ಕ ಹಾಕಿ ಅಂಟಿಸಬೇಕಿತ್ತು, ಇಲ್ಲದಿದ್ದರೆ ಅಲ್ಲಿಂದ ಮುಂದಕ್ಕೆ ಎಲ್ಲವೂ ತಪ್ಪು. ಕೆಜಿಎಫ್‌ನ ನೆಲದಡಿಯಲ್ಲೇ ಇನ್ನೊಂದು ಉದಾಹರಣೆಯಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 1965ರಲ್ಲಿ ಚಾಂಪಿಯನ್ ರೀಫ್‌ನಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಹಿಡಿದರು. ಅವರ ಉಪಕರಣದ ಎರಡೂ ಬದಿಯ ಫಲಕಗಳಿಂದ ಸಂಕೇತ ಒಟ್ಟಿಗೆ ಬಂದಾಗ ಮಾತ್ರ ನಡುವಿನ ನಿಯಾನ್ ಕೊಳವೆಗಳಿಗೆ ವಿದ್ಯುತ್ತಿನ ಮಿಡಿತ ಹರಿದು, ಕಣ ಹೋದ ಜಾಡು ಬೆಳಗಿ, ಅದು ಫೋಟೊದಲ್ಲಿ ದಾಖಲಾಗುತ್ತಿತ್ತು. ಯಾವಾಗ ಬೆಳಗಬೇಕೆಂದು ಪ್ರತಿ ಕೊಳವೆಯೂ ತಾನೇ ತೀರ್ಮಾನಿಸುತ್ತಿರಲಿಲ್ಲ. ಅಪ್ಪಣೆ ಒಂದು ಕಡೆಯಿಂದ ಬರುತ್ತಿತ್ತು.

ಶಾಲೆಯ ಮಟ್ಟದಲ್ಲಿ ಇದನ್ನು ಮಾಡುವುದು ಸುಲಭ. ಮೂರು ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕಿಂಡಿಗಳಿರುವ ಗ್ರಾಫಿಕ್ಸ್ ಕಾರ್ಡು ಒಂದು ಡೆಸ್ಕ್‌ಟಾಪಿನಲ್ಲಿದ್ದರೆ, ಮೂರು ಪ್ರೊಜೆಕ್ಟರುಗಳನ್ನು ಒಂದೇ ಅಗಲ ಪರದೆಯೆಂದು ಅದಕ್ಕೆ ತಿಳಿಸಬಹುದು. ವಿಡಿಯೊ ಒಂದೇ ಫೈಲಾದ್ದರಿಂದ ಒಂದು ತುಂಡು ಮುಂದೆ, ಒಂದು ತುಂಡು ಹಿಂದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ಅಳತೆಯ ಬಗ್ಗೆ ಎಚ್ಚರ ಬೇಕು. 1920 ಪಿಕ್ಸೆಲ್ ಅಗಲದ ಮೂರು ಚಿತ್ರ ಸೇರಿದರೆ 5760 ಪಿಕ್ಸೆಲ್, ಎಚ್.264 ವಿಡಿಯೊವನ್ನು ಬಿಚ್ಚುವ ಬಹಳಷ್ಟು ಚಿಪ್ಪುಗಳು 4096 ಪಿಕ್ಸೆಲ್ ಅಗಲಕ್ಕೇ ನಿಲ್ಲುತ್ತವೆ, ಆಮೇಲೆ ಚಿತ್ರ ತಡವರಿಸುತ್ತದೆ. 1280 ಪಿಕ್ಸೆಲ್ ಅಗಲದ ಪ್ರೊಜೆಕ್ಟರುಗಳಾದರೆ ಒಟ್ಟು 3840, ಸಾಧಾರಣ ಯಂತ್ರವೂ ನಿಭಾಯಿಸುತ್ತದೆ. ಅಂಚುಗಳು ಕೂಡುವ ಕಡೆ ಬೆಳಕು ಇಮ್ಮಡಿಯಾಗುವುದರಿಂದ ಅಲ್ಲಿ ಮಸುಕುಗೊಳಿಸುವ ತಂತ್ರಾಂಶ ಬೇಕು. ಮೂರೂ ಪ್ರೊಜೆಕ್ಟರು ಒಂದೇ ಮಾದರಿಯವಾಗಿರಲಿ. ದೀಪದ ವಯಸ್ಸಿಗೆ ತಕ್ಕಂತೆ ಬಣ್ಣ ಬೇರೆಯಾಗುವುದಷ್ಟೇ ಅಲ್ಲ, ಬೇರೆ ಮಾದರಿಗಳು ಒಳಗೆ ಚಿತ್ರವನ್ನು ಸಂಸ್ಕರಿಸಲು ಬೇರೆ ಬೇರೆ ಹೊತ್ತು ತೆಗೆದುಕೊಳ್ಳುತ್ತವೆ, ಕಂಪ್ಯೂಟರ್ ಒಂದೇ ಆದರೂ.

ಇದಕ್ಕೆ ಬರುವ ಮೊದಲ ಆಕ್ಷೇಪ ಅಗ್ಗದ ಪುಟ್ಟ ಕಂಪ್ಯೂಟರಾದ ರಾಸ್ಪ್‌ಬೆರಿ ಪೈ ಬಗೆಗಿನದು: ಪ್ರತಿ ಪ್ರೊಜೆಕ್ಟರಿಗೆ ಒಂದೊಂದು ಪೈ ಸಿಕ್ಕಿಸಿ, ಒಂದನ್ನು ಯಜಮಾನನನ್ನಾಗಿ ಮಾಡಿ, ಉಳಿದವು ಅದರ ಸಮಯವನ್ನು ಅನುಸರಿಸುವಂತೆ ಮಾಡಬಹುದಲ್ಲ? ಮಾಡಬಹುದು. ಎಳೆದ ನೆಟ್‌ವರ್ಕ್ ಕೇಬಲ್ಲಿನಲ್ಲಿ ಗಡಿಯಾರಗಳು ಕೆಲವೇ ಮಿಲಿಸೆಕೆಂಡುಗಳೊಳಗೆ ಕೂಡಿಕೊಳ್ಳುತ್ತವೆ. ಆದರೆ ಐದನೆಯ ಪೀಳಿಗೆಗಿಂತ ಹಿಂದಿನ ಪೈಗಳಲ್ಲಿ ಕರೆಂಟು ಹೋದಮೇಲೂ ಸಮಯ ಕಾಯುವ ಗಡಿಯಾರವೇ ಇಲ್ಲ. ಪ್ರತಿ ಬಾರಿ ಹೊತ್ತಿಸಿದಾಗ ಹೊರಗಿನಿಂದ ಸಮಯ ಕೇಳಿ ತಿಳಿಯಬೇಕು. ಹೊಂದಿಸಿದ ಮೇಷ್ಟ್ರಿಗೆ ವರ್ಗವಾದರೆ ಇದನ್ನು ಸರಿಮಾಡುವವರು ಯಾರು? ಒಂದು ಕಂಪ್ಯೂಟರಾದರೆ ಹತ್ತನೇ ತರಗತಿಯ ಹುಡುಗಿಯೂ ಕಲಿತು ನಡೆಸಬಲ್ಲಳು. ಒಂದೇ ಯಂತ್ರ ಕೆಟ್ಟರೆ ಎಲ್ಲವೂ ನಿಲ್ಲುತ್ತದೆಂಬ ಆಕ್ಷೇಪ ನಿಜ. ಆದರೆ ಒಂದು ರೈಲಿನ ಮೂರನೇ ಒಂದು ಭಾಗ ಮಾಯವಾದರೂ ಪ್ರದರ್ಶನ ನಿಂತಂತೆಯೇ. ಫೈಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಸಿದ್ಧವಾಗಿಡುವುದು, ಕಂಪ್ಯೂಟರಿಗೆ ಯುಪಿಎಸ್ ಕೊಡುವುದು ಇದಕ್ಕೆ ಮದ್ದು. ಕೇಬಲ್ ಉದ್ದವಾಗುತ್ತದೆ ಎಂಬ ದೂರಿನಲ್ಲೂ ತಿರುಳಿದೆ: ಹದಿನೈದು ಮೀಟರ್ ದಾಟಿದ ಸಾದಾ ಎಚ್‌ಡಿಎಂಐ ತಂತಿಯನ್ನು ನಂಬುವಂತಿಲ್ಲ. ಕ್ಯಾಟ್-6 ತಂತಿಯ ಮೇಲೆ ಸಂಕೇತ ಸಾಗಿಸುವ ಎಕ್ಸ್‌ಟೆಂಡರ್ ಜೋಡಿ ಆಗ ಬೇಕು, ಮೂರು ಕಡೆಗೂ ಒಂದೇ ಮಾದರಿಯದು.

ಬಂಗಾರಪೇಟೆಯ ಒಂದು ಶಾಲೆ ಒಂದೇ ಚಿತ್ರವನ್ನು ಬೇರೆ ಬೇರೆ ಕೊಠಡಿಗಳಲ್ಲಿ ತೋರಿಸುವುದಾದರೆ ಈ ಶ್ರಮವೇ ಬೇಡ. ಕಣ್ಣು ಎರಡು ಪರದೆಗಳನ್ನು ಒಟ್ಟಿಗೆ ನೋಡದ ಕಡೆ ಎರಡು ಸೆಕೆಂಡಿನ ವ್ಯತ್ಯಾಸ ಯಾರಿಗೂ ತಿಳಿಯದು. ಕಿವಿ ಮಾತ್ರ ಗೋಡೆಯಾಚೆಯದನ್ನೂ ಕೇಳುತ್ತದೆ. ಸಭಾಂಗಣದಲ್ಲೂ ಅಷ್ಟೇ, ಶಬ್ದ 34 ಮೀಟರ್ ಸಾಗಲು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುತ್ತದೆ. ಮುಂದೊಂದು, ಹಿಂದೊಂದು ಸ್ಪೀಕರ್ ಇಟ್ಟರೆ ಚಿತ್ರ ಎಷ್ಟು ಕೂಡಿದ್ದರೂ ಮಾತು ಎರಡೆರಡಾಗಿ ಕೇಳುತ್ತದೆ. ಸ್ಪೀಕರುಗಳೆಲ್ಲ ಪರದೆಯ ಬಳಿಯೇ ಇರಲಿ. ಕನ್ನಡ, ತಮಿಳು, ತೆಲುಗು ಮೂರೂ ಮನೆಮಾತಾಗಿರುವ ಕೆಜಿಎಫ್‌ನಲ್ಲಿ ಧ್ವನಿ ಒಂದು ಭಾಷೆಯಲ್ಲಿದ್ದು ಉಳಿದೆರಡು ಅಕ್ಷರವಾಗಿ ಪರದೆಯ ಅಡಿಯಲ್ಲಿ ಬರಬಹುದು. ಅಷ್ಟು ಅಗಲದ ಚಿತ್ರದಲ್ಲಿ ಅದಕ್ಕೆ ಬೇಕಾದಷ್ಟು ಜಾಗವಿದೆ. ಪ್ರದರ್ಶನಕ್ಕೆ ಮುಂಚೆ ಫ್ರೇಮ್ ಸಂಖ್ಯೆಗಳನ್ನು ಮೂರೂ ಪರದೆಯ ಮೇಲೆ ಬರೆದ ಒಂದು ಪರೀಕ್ಷಾ ವಿಡಿಯೊ ಓಡಿಸಿ, ಮೊಬೈಲಿನಿಂದ ಮೂರೂ ಕಾಣುವಂತೆ ಕೆಲವು ಫೋಟೊ ತೆಗೆದರೆ ಸಾಕು. ಫೋಟೊಗಳಲ್ಲಿ ಮೂರು ಕಡೆಯ ಸಂಖ್ಯೆಯೂ ಒಂದೇ ಇದ್ದರೆ ಆಮೇಲೆ ರೈಲು ಬಿಡಬಹುದು.